ದಿನ್ನಿ ಪಟ್ಟಿಯ ಹಸಿ

ನನ್ನ ಸಂಶೋಧನೆ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಹಚ್ಚಿ ಬಹಳ ದಿನವಾಗಿತ್ತು. ಮದುವೆ ಮನೆಗಳಲ್ಲಿ ನೆಂಟರ ಹೆಂಗಸರು ಕೈಹಿಡಿದು ನಿಲ್ಲಿಸಿ, "ಅದೇನೋ ಓದಾಕತ್ತಿದ್ಯಲ್ಲ, ಮುಗೀತೇನವಾ?" ಎನ್ನುವರು, ದರ್ಜಿಗೆ ಕೊಟ್ಟ ಕುಪ್ಪಸದ ಬಗ್ಗೆ ಕೇಳಿದ ಹಾಗೆ. ವಿಷಯ ಏನೆಂದು ಕೇಳಿದವರು ಕಡಿಮೆ. ಕೇಳಿದವರಿಗೆ ಹೇಳಲು ಹೋದರೆ ಎರಡನೇ ಮಾತಿಗೇ ಅವರ ಕಣ್ಣು ಪಕ್ಕದವರ ಸೀರೆಯ ಮೇಲೆ ಹೋಗಿರುತ್ತಿತ್ತು.

ಅದನ್ನು ಪೂರ್ತಿ ಕೇಳಿಸಿಕೊಂಡವರು ನಮ್ಮ ಅತ್ತೆ ಒಬ್ಬರೇ. ಅದೂ ಒಂದು ಬೆಕ್ಕಿನ ದೆಸೆಯಿಂದ. ನಮ್ಮ ಮನೆ ಶಹಾಬಜಾರದಲ್ಲಿ, ಗೋಡೆಗೆ ಗೋಡೆ ಹತ್ತಿದ ಹಳೇ ಓಣಿಯಲ್ಲಿದೆ. ಒಂದು ಮುಂಜಾನೆ ಬೆಕ್ಕು ಮೊಸರಿನ ಗಡಿಗೆಯನ್ನು ನೆಕ್ಕಿ ಸ್ವಚ್ಛ ಮಾಡಿ ಹೋಗಿತ್ತು. ಅತ್ತೆ ಅಂಗಳದ ಗೋಡೆಯ ಮೇಲಿಂದ ಪಕ್ಕದ ಮನೆಯ ಖಾಲಾಳನ್ನು ಕೂಗಿ, "ಹೆಪ್ಪ ಅದ ಏನ್ರೀ?" ಎಂದರು. ಖಾಲಾ, "ನೈ ಮಾ, ಠೈರೋ, ಕೇಳ್ತೀನಿ" ಎಂದು ತನ್ನ ಆಚೆಗಿನ ಗೋಡೆಗೆ ಹೋಗಿ ಕೂಗಿದಳು. ಅವರು ಅವರ ಆಚೆಗೆ ಕೇಳಿದರು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಗೋಡೆಯಿಂದ ಗೋಡೆಗೆ ಇಳಿಯುತ್ತ ನಮ್ಮ ಅಂಗಳಕ್ಕೆ ಬಂತು. ದಾರಿಯಲ್ಲಿ ಹೆಪ್ಪಿಲ್ಲದ ಪ್ರತಿ ಮನೆಯೂ ಒಂದೊಂದು ಚಮಚ ಇಟ್ಟುಕೊಂಡಿತ್ತು. ಕೊಟ್ಟವರಿಗೆ ಕೇಳಿದವರು ಯಾರೆಂದು ಗೊತ್ತಿಲ್ಲ, ನಮಗೆ ಕೊಟ್ಟವರು ಯಾರೆಂದು ಗೊತ್ತಿಲ್ಲ. ನಡುವೆ ಇನ್ನೊಬ್ಬರು ಬಂದು ಹೆಪ್ಪು ಕೇಳಿದ್ದಕ್ಕೆ ಖಾಲಾ ಮತ್ತೆ ಕೂಗಲಿಲ್ಲ. "ಕೇಳೀನಿ, ಬರ್ತದ, ಕೂಡು" ಎಂದು ಕೂರಿಸಿಕೊಂಡಳು.

ನಾನು ಕಾಲೇಜಿಗೆ ಹೊರಟವಳು ಚೀಲ ಹೆಗಲಿಗೆ ಹಾಕಿಕೊಂಡೇ ನಿಂತು ನೋಡಿದೆ. "ಅತ್ತಿ, ನಾ ಓದಾಕತ್ತಿದ್ದು ಇದೇ ನೋಡ್ರಿ" ಎಂದೆ. ಅತ್ತೆ ಹಾಲಿಗೆ ಹೆಪ್ಪು ಹಾಕುತ್ತ, "ಇದಕ್ಕ ಇಷ್ಟ ವರ್ಷ ಬೇಕಾತೇನು?" ಎಂದರು.

ಆ ದಿನ ತಡವಾದರೆ ಆಗಲಿ ಎಂದು ಕೂತು ಹೇಳಿದೆ. ನಾವು ಬಳಸುವ ಇಂಟರ್ನೆಟ್ಟಿನಲ್ಲಿ ಏನು ಬೇಕಾದರೂ ಮೊದಲು ಯಾರನ್ನು ಕೇಳಬೇಕೆಂಬ ವಿಳಾಸ ಬೇಕು. ಇಂಥ ಊರಿನ ಇಂಥ ಯಂತ್ರದ ಬಾಗಿಲಿಗೆ ಹೋಗಿಯೇ ಕೇಳಬೇಕು. ಅದು ಮಲಗಿದ್ದರೆ ಬಾಗಿಲು ಬಡಿಯುತ್ತಲೇ ಇರಬೇಕು. ನಾನು ಓದುವ ಪದ್ಧತಿಯಲ್ಲಿ ವಿಳಾಸದ ಉಸಾಬರಿ ಇಲ್ಲ, ಬೇಕಾದ ವಸ್ತುವಿನ ಹೆಸರು ಹಿಡಿದು ಕೇಳುವುದು. ಹತ್ತಿರದಲ್ಲಿ ಯಾರ ಬಳಿ ಅದರ ಪ್ರತಿ ಇದೆಯೋ ಅವರು ಕೊಡುತ್ತಾರೆ, ಇಲ್ಲದವರು ಪ್ರಶ್ನೆಯನ್ನು ಮುಂದಕ್ಕೆ ಸಾಗಿಸುತ್ತಾರೆ, ಉತ್ತರ ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಹೊಲದಲ್ಲೋ ಮನೆಯಲ್ಲೋ ಇಟ್ಟ ಸಣ್ಣ ಸಣ್ಣ ಯಂತ್ರಗಳಿಗೆ ಇದು ಬಹಳ ಅನುಕೂಲ, ಯಾಕೆಂದರೆ ಅವುಗಳ ಬ್ಯಾಟರಿ ಅಂಗೈಯಷ್ಟು, ಅರ್ಧ ಹೊತ್ತು ಅವು ಮಲಗಿಯೇ ಇರುತ್ತವೆ. ಕಷ್ಟ ಇರುವುದು ಸಾಗಿಸುವುದರಲ್ಲಿ. ಯಾವ ಗೋಡೆಗೆ ಹೋಗಿ ಕೇಳಬೇಕು? ಎಲ್ಲ ಗೋಡೆಗೂ ಕೂಗಿದರೆ ಓಣಿ ತುಂಬ ಗದ್ದಲ, ಎಲ್ಲರ ಬ್ಯಾಟರಿಯೂ ಖಾಲಿ. ಒಂದೇ ಗೋಡೆ ನೆಚ್ಚಿ ಕೂತರೆ, ಅವರು ಮನೆಗೆ ಬೀಗ ಹಾಕಿ ಹೋಗಿದ್ದರೆ, ಮೊಸರಿಲ್ಲ.

"ಹೋದ ಸಲ ಯಾವ ಕಡಿಂದ ಬಂದಿತ್ತೋ ಮದಲ ಆ ಕಡೀಗೆ ಕೇಳಬೇಕು. ಸುಮ್ಮನಿದ್ದರ ಹಿತ್ತಲ ಗ್ವಾಡಿಗೆ ಹೋಗಿ ಕೇಳಬೇಕು" ಎಂದರು ಅತ್ತೆ. ನನ್ನ ಮೂರನೇ ಅಧ್ಯಾಯವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು, ಗಣಿತ ಹಾಕಿ. ಎಷ್ಟು ಹೊತ್ತು ಕಾಯಬೇಕು, ಯಾರ ಬ್ಯಾಟರಿ ಎಷ್ಟಿದೆ, ಇಟ್ಟುಕೊಂಡ ಪ್ರತಿ ಎಷ್ಟು ಹಳೆಯದಾದರೆ ಚೆಲ್ಲಬೇಕು ಎಂಬುದೆಲ್ಲ ಅದರಲ್ಲಿತ್ತು. ಖಡಕ್ ರೊಟ್ಟಿ ತಿಂಗಳು ತಡೆಯುತ್ತದೆ, ಪುಂಡಿಪಲ್ಯ ಮರುದಿನಕ್ಕೆ ಹುಳಿಯಾಗುತ್ತದೆ. ಮಣ್ಣಿನ ಹಸಿಯ ಸುದ್ದಿ ಪುಂಡಿಪಲ್ಯದ ಜಾತಿಯದು.

ಅಧ್ಯಾಯ ಬರೆದದ್ದೆಲ್ಲ ಕಂಪ್ಯೂಟರಿನೊಳಗಿನ ಹುಸಿ ತೋಟದಲ್ಲಿ ಮಾಡಿ ನೋಡಿದ್ದು. ನಿಜವಾದ ಒಂದು ತೋಟ ಬೇಕು ಎಂದು ಮಾರ್ಗದರ್ಶಕರು ಪಟ್ಟು ಹಿಡಿದಿದ್ದರು. ತೋಟವೇನೋ ನಮ್ಮಲ್ಲೇ ಇತ್ತು. ಕಮಲಾಪುರದಲ್ಲಿ ನನ್ನ ಅವ್ವನ ತಂಗಿ, ನಮ್ಮ ಚಿಗವ್ವ, ಕೆಂಪು ಬಾಳೆ ಬೆಳೆಯುತ್ತಾಳೆ. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. "ನಿನ್ನ ಪೆಟಗಿ ತಂದು ನನ್ನ ಗಿಡಕ್ಕ ಕರೆಂಟ್ ಹಿಡಿಸಬ್ಯಾಡ" ಎಂದು ಎರಡು ಸಲ ನನ್ನನ್ನು ಚಹಾ ಕುಡಿಸಿ ಕಳಿಸಿದ್ದಳು. ಮೂರನೇ ಸಲ ಅವಳೇ ಫೋನ್ ಮಾಡಿದಳು. ಕಾರಣ ಅವಳ ಮಗಳು, ನನ್ನ ತಂಗಿ.

ತಂಗಿಯ ಗಂಡ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರ. ಅವಳ ಚೊಚ್ಚಲ ಹೆರಿಗೆ ನಮ್ಮ ಕಡೆಯ ರೂಢಿಯಂತೆ ತವರಲ್ಲೇ ಆಗಿತ್ತು. ಆದರೆ ಆ ಬೇಸಿಗೆಯಲ್ಲಿ ಬಾಳೆ ಗೊನೆ ಹಾಕಿದ್ದವು, ಗಾಳಿ ಎದ್ದು ಗಿಡ ಬೀಳುತ್ತಿದ್ದವು, ಚಿಗವ್ವ ದಿನವಿಡೀ ತೋಟದಲ್ಲಿ ಗಿಡಗಳಿಗೆ ಆಸರೆ ಕಟ್ಟುತ್ತಿದ್ದಳು. ಬಾಣಂತಿ ಮನೆಯಲ್ಲಿ ಕೂಸಿನ ಜೊತೆ ಒಬ್ಬಳೇ. ಆಗ ತಂಗಿ ಏನೂ ಅನ್ನಲಿಲ್ಲ. ಗಂಡನ ಮನೆಗೆ ಹೊರಟು ನಿಂತಾಗ ಮಾತ್ರ, "ಯವ್ವಾ, ನಿನಗ ಬಾಳಿಗಿಡನೇ ಹೆಚ್ಚು" ಎಂದಿದ್ದಳು. ನಗುತ್ತಲೇ ಅಂದಿದ್ದಳು. ಆ ಮಾತು ಚಿಗವ್ವನಿಗೆ ಮುಳ್ಳು ಮುರಿದಂತೆ ಒಳಗೇ ಉಳಿದಿತ್ತು.

ಈಗ ಎರಡನೆಯದು. ತಂಗಿಗೆ ಬಿ.ಪಿ. ಏರಿತ್ತು, ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರು. ಚಿಗವ್ವನೇ ಹೋಗಬೇಕಿತ್ತು. ಮತ್ತೆ ಅದೇ ಬೇಸಿಗೆ, ಮತ್ತೆ ಗೊನೆ ಹಾಕಿದ ತೋಟ. "ಈ ಸಲ ನಾ ಆಕಿ ಹಂತ್ಯಾಕ ಇರಬೇಕವಾ. ಕೂಸು ಬಂದು, ಆಕಿ ಎದ್ದು ಕೂಡತನಕ ಇರಬೇಕು" ಎಂದಳು ಫೋನಿನಲ್ಲಿ. "ಆದರ ನಿಮ್ಮ ಕಾಕಾನ ಕೈಯಾಗ ನೀರು ಕೊಟ್ಟು ಹ್ಯಾಂಗ ಹೋಗಲಿ?"

ಚಿಗವ್ವನ ಗಂಡ, ಅಂದರೆ ಕಾಕಾ, ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಕಾಟಾದ ಮುಂದೆ ಕೂತು ತೊಗರಿ ತೂಗುತ್ತ ಆಯುಷ್ಯ ಕಳೆದವರು. ಹಿಂದಿನ ವರ್ಷವಷ್ಟೇ ಬಿಟ್ಟು ಮನೆಗೆ ಬಂದಿದ್ದರು. ಬಂಗಾರದಂಥ ಮನುಷ್ಯ. ಆದರೆ ನೀರು ಬಿಡಲು ನಿಂತರೆ ಯಾರೊಂದಿಗಾದರೂ ಮಾತಿಗೆ ಬಿದ್ದು, ತೋಟವನ್ನು ಕೆರೆ ಮಾಡುತ್ತಿದ್ದರು. ಕೆಂಪು ಬಾಳೆಗೆ ನೀರು ಕಡಿಮೆಯಾದರೆ ಎಲೆ ಬಾಡುತ್ತದೆ, ಹೆಚ್ಚಾದರೆ ಗಡ್ಡೆ ಕೊಳೆಯುತ್ತದೆ. ಯಾವ ಪಟ್ಟಿಗೆ ಯಾವಾಗ ನೀರು ಬೇಕೆಂಬುದು ಚಿಗವ್ವನಿಗೆ ಮಣ್ಣು ಮುಟ್ಟಿದರೆ ತಿಳಿಯುತ್ತಿತ್ತು. ಸಿಕಂದರಾಬಾದಿನಲ್ಲಿ ಕೂತು ಮಣ್ಣು ಮುಟ್ಟುವುದು ಹೇಗೆ? ಅದಕ್ಕೇ ನನ್ನ ಪೆಟ್ಟಿಗೆಗಳ ನೆನಪಾಗಿತ್ತು.

ನಾನು ಕುಣಿದಾಡಿಕೊಂಡು ಹೋದೆ. ಕೆಂಪು ಮಣ್ಣಿನ ಆ ತೋಟ ಮೂರು ಪಟ್ಟಿಯದು: ಬಾವಿ ಪಟ್ಟಿ, ನಡುವಿನ ಪಟ್ಟಿ, ಕೊನೆಗೆ ಸ್ವಲ್ಪ ಏರಿನ ಮೇಲಿರುವ ದಿನ್ನಿ ಪಟ್ಟಿ. ಒಂದೊಂದರಲ್ಲೂ ಗೂಟ ಹುಗಿದು, ಬೇರಿನ ಆಳಕ್ಕೆ ಹಸಿ ನೋಡುವ ಕಡ್ಡಿ ಇಳಿಸಿ, ಮೇಲೆ ಪೆಟ್ಟಿಗೆ ಕಟ್ಟಿದೆ, ಬದುವಿನ ಮೇಲೆ ಇರಲಿ ಎಂದು ಒಂದು ಹೆಚ್ಚಿಗೆ. ರಸ್ತೆ ಬದಿಯ ಮನೆಯ ಮಾಳಿಗೆ ಮೇಲೆ ಇನ್ನೊಂದು ಪೆಟ್ಟಿಗೆ. ಫೋನಿನ ಸಿಗ್ನಲ್ ಅಲ್ಲಿಗೆ ಮಾತ್ರ ಬರುತ್ತಿತ್ತು. ಚಿಗವ್ವ ಸಿಕಂದರಾಬಾದಿನಿಂದ ತನ್ನ ಫೋನಿನಲ್ಲಿ "ತೋಟ, ದಿನ್ನಿ, ಹಸಿ, ಇಂದು" ಎಂಬ ಹೆಸರನ್ನು ಒತ್ತಿದರೆ ಪ್ರಶ್ನೆ ಮಾಳಿಗೆಗೆ ಬರಬೇಕು. ಮಾಳಿಗೆಯವನ ಬಳಿ ಹೊಸ ಪ್ರತಿ ಇದ್ದರೆ ಅಲ್ಲೇ ಉತ್ತರ. ಇಲ್ಲದಿದ್ದರೆ ಬಾವಿಯವನಿಗೆ, ಅವನಿಂದ ನಡುವಿನವನಿಗೆ, ಕೊನೆಗೆ ದಿನ್ನಿಯವನಿಗೆ. ಬಾಳೆಯ ನೆರಳಲ್ಲಿ ಪೆಟ್ಟಿಗೆಗಳಿಗೆ ಬಿಸಿಲು ಸಿಗುವುದೇ ಕಷ್ಟ, ಆದ್ದರಿಂದ ಒಂದು ಮಾತನ್ನೂ ದಂಡ ಮಾಡುವಂತಿರಲಿಲ್ಲ. ಪ್ರತಿ ಉತ್ತರಕ್ಕೂ ಅದನ್ನು ಅಳೆದ ಪೆಟ್ಟಿಗೆಯ ಮೊಹರು ಇರುತ್ತಿತ್ತು. ಯಾರ ಕೈಯಿಂದ ಬಂದರೂ ಮೊಹರು ನೋಡಿ ಇದು ದಿನ್ನಿಯದೇ ಎಂದು ನಂಬಬಹುದು.

ಚಿಗವ್ವ ಒಂದು ವಾರ ಪರೀಕ್ಷೆ ಮಾಡಿದಳು. ಮಣ್ಣು ಮುಟ್ಟುವುದು, ಫೋನ್ ಒತ್ತುವುದು, ಮತ್ತೆ ಮಣ್ಣು ಮುಟ್ಟುವುದು. ಕೊನೆಗೆ, "ಅಡ್ಡಿಯಿಲ್ಲ, ಖರೆ ಹೇಳತಾವ" ಎಂದಳು. ನನ್ನ ಬದುಕಿನಲ್ಲಿ ಯಾವ ಪ್ರೊಫೆಸರ್ ಮೆಚ್ಚಿದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಹೊರಡುವ ದಿನ ಕಾಕಾಗೆ ಗೂಟ ತೋರಿಸಿ, "ಇವು ನನ್ನ ಕಣ್ಣು ಅಂತ ತಿಳೀರಿ. ಇಲ್ಲಿ ಒಣಗಿದರ ನನಗ ಅಲ್ಲಿ ಕಾಣ್ತದ, ಮರುದಿನ ಬಂದು ಬಿಡ್ತೀನಿ" ಎಂದು ಎಚ್ಚರಿಸಿ, ಕಲಬುರಗಿಗೆ ಬಂದು ರೈಲು ಹತ್ತಿದಳು.

ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ಚಿಗವ್ವ ಗಳಿಗೆಗೊಮ್ಮೆ ಫೋನ್ ಒತ್ತುತ್ತಿದ್ದಳು, ನನಗೆ ಕಾಲೇಜಿನ ಕಂಪ್ಯೂಟರಿನಲ್ಲಿ ಪ್ರಶ್ನೆಗಳು ಹೋಗುವುದು, ಉತ್ತರಗಳು ಬರುವುದು ಕಾಣುತ್ತಿತ್ತು. ಆಮೇಲೆ ಉತ್ತರಗಳ ನಡೆ ಬದಲಾಯಿತು. ಮೂರೂ ಪಟ್ಟಿಗಳು ದಿನಾ ಮುಂಜಾನೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಸಿಯಾಗುತ್ತಿದ್ದವು. ಪಂಪು ಹಚ್ಚಿದರೆ ಹಾಗಾಗುವುದಿಲ್ಲ. ಮೊದಲು ಬಾವಿ ಪಟ್ಟಿ ನೆನೆಯಬೇಕು, ನೀರು ದಿನ್ನಿಗೆ ಏರುವಷ್ಟರಲ್ಲಿ ಊಟದ ಹೊತ್ತಾಗಬೇಕು. ಅದೂ ಅಲ್ಲದೆ ಆ ಹೊತ್ತಿನಲ್ಲಿ ಅಲ್ಲಿ ತ್ರೀ ಫೇಸ್ ಕರೆಂಟೇ ಇರುವುದಿಲ್ಲ. ಚಿಗವ್ವನಿಗೆ ಮಾತ್ರ ಬಹಳ ಸಮಾಧಾನ. "ಇವರು ಈ ಸಲ ನೀರು ಬರೋಬರ್ ಬಿಡಾಕತ್ತಾರ ನೋಡು. ನಾ ಇಲ್ಲದಾಗ ಶಾಣ್ಯಾ ಆಗ್ಯಾರ" ಎಂದು ಫೋನ್ ಮಾಡಿದಳು.

ನನಗೆ ನನ್ನ ಮೇಲೇ ಅನುಮಾನ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದು ಉಲ್ಟಾ, ನೆಲ ಡೊಂಕಿದ್ದಾಗಲೂ ನನ್ನ ಕಾಲನ್ನೇ ಬೈದುಕೊಂಡೆ. ಹೋದ ಸಲ ಬೇಗ ಉತ್ತರ ಕೊಟ್ಟವರನ್ನೇ ಮೊದಲು ಕೇಳು ಎಂದು ನಾನೇ ಕಲಿಸಿದ್ದೆನಲ್ಲ, ಬಾವಿಯ ಪೆಟ್ಟಿಗೆ ಅದನ್ನೇ ಹಿಡಿದುಕೊಂಡು ತನ್ನಲ್ಲಿದ್ದ ತಂಗಳು ಪ್ರತಿಯನ್ನು ಎಲ್ಲರಿಗೂ ಹಂಚುತ್ತಿದೆ ಎಂದುಕೊಂಡೆ. ಪ್ರತಿಗಳ ಆಯುಷ್ಯ ಕಡಿಮೆ ಮಾಡಿದೆ. ಮೊಹರು ನೋಡಿದೆ, ದಿನ್ನಿಯದು ದಿನ್ನಿಯದೇ. ಅಳೆದ ಹೊತ್ತು ನೋಡಿದೆ, ಆ ಮುಂಜಾನೆಯದೇ. ಯಾರೂ ಯಾರದನ್ನೂ ಕದ್ದು ಕೊಟ್ಟಿರಲಿಲ್ಲ. ಮನೆಯಲ್ಲಿ ಗಂಡನ ಮೇಲೆ, ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮೇಲೆ ಹರಿಹಾಯ್ದೆ. ಅವರು ತಪ್ಪೇನೂ ಮಾಡಿರಲಿಲ್ಲ, ಪೆಟ್ಟಿಗೆಗಳ ಹಾಗೆಯೇ. ಕೊನೆಗೆ ಒಂದು ಭಾನುವಾರ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೊರಟೆ.

ಮನೆಗೆ ಬೀಗ ಇತ್ತು, ನೇರ ತೋಟಕ್ಕೆ ಹೋದೆ. ಬಾವಿ ಪಟ್ಟಿ ಹಸಿರಾಗಿತ್ತು, ನಡುವಿನದು ಪರವಾಗಿಲ್ಲ, ಎರಡರ ಗೂಟದ ಬುಡಕ್ಕೂ ಆಗಷ್ಟೇ ಯಾರೋ ನೀರು ಸುರಿದಿದ್ದರು. ದಿನ್ನಿಗೆ ಏರಿದರೆ ಮೇಲಿನ ಸಾಲುಗಳ ಎಲೆಗಳು ಮಡಚಿ ಜೋತುಬಿದ್ದಿದ್ದವು. ಮಣ್ಣು ಬಿರಿದಿತ್ತು. ಆ ಒಣಮಣ್ಣಿನ ನಡುವೆ ನನ್ನ ಗೂಟದ ಬುಡದಲ್ಲಿ ಮಾತ್ರ ರೊಟ್ಟಿ ತಾಟಿನಷ್ಟಗಲ ಕೆಸರು. ಗೂಟಕ್ಕೆ ಮೂರು ಎಳೆ ವಿಭೂತಿ ಬಳಿದಿತ್ತು. ಕಾಕಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹೆಗಲಿಗೆ ಟಾವೆಲ್ ಹಾಕಿಕೊಂಡು ತಂಬಿಗೆಯಿಂದ ಅದಕ್ಕೆ ನೀರು ಎರೆಯುತ್ತಿದ್ದರು.

ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ತಂಬಿಗೆ ಪೂರ್ತಿ ಬರಿದು ಮಾಡಿದ ಮೇಲೆಯೇ, "ಬಂದ್ಯಾ? ಚಾ ಆಗೇದೇನು?" ಎಂದರು.

"ಕಾಕಾ, ಇದೇನ್ರೀ ಮಾಡಾಕತ್ತೀರಿ?" ಎಂದೆ. ದನಿ ಏರಿತ್ತು.

"ನೀರು ಹಾಕ್ತೀನಿ."

"ಗೂಟಕ್ಕ?"

"ಗೂಟಕ್ಕ ಅಲ್ಲವಾ. ನಿಮ್ಮ ಚಿಗವ್ವಗ."

ಆಮೇಲೆ ಬದುವಿನ ಮೇಲೆ ಕೂತು ಎಲ್ಲ ಹೇಳಿದರು. ಚಿಗವ್ವ ಹೋಗಿ ಸ್ವಲ್ಪ ದಿನಕ್ಕೆ ಬಾವಿಯ ಮೋಟರ್ ಸುಟ್ಟಿತ್ತು. ಕಲಬುರಗಿಗೆ ವೈಂಡಿಂಗಿಗೆ ಕೊಟ್ಟಿದ್ದರು, ಬೇಸಿಗೆಯಾದ್ದರಿಂದ ಅಲ್ಲಿ ಸುಟ್ಟ ಮೋಟರುಗಳ ಸಾಲೇ ಇತ್ತು, ಇಂದು ನಾಳೆ ಎನ್ನುತ್ತಿದ್ದರು. ಪಕ್ಕದ ತೋಟದವರು ಸಂಜೆ ತಮ್ಮ ಪೈಪು ಕೊಡುತ್ತಿದ್ದರು, ಅದು ನಡುವಿನ ಪಟ್ಟಿಯವರೆಗೆ ಮುಟ್ಟುತ್ತಿತ್ತು. ದಿನ್ನಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಕಾಕಾ ಬೈಕಿನ ಎರಡೂ ಬದಿ ಕ್ಯಾನು ಕಟ್ಟಿಕೊಂಡು ನೀರು ಸಾಗಿಸುತ್ತಿದ್ದರು. ಗೊನೆ ಹಾಕಿದ ಗಿಡಗಳಿಗೆ ಮೊದಲು, ಉಳಿದರೆ ಬೇರೆಯವಕ್ಕೆ. ಅವರ ಅಂಗೈ ನೋಡಿದೆ, ಬೊಬ್ಬೆ ಎದ್ದಿದ್ದವು.

"ಇಷ್ಟೆಲ್ಲ ಆಗೇದ, ನನಗ ಒಂದು ಫೋನ್ ಮಾಡಬಾರದೇನ್ರೀ?"

"ನಿನಗ ಮಾಡಿದರ ನೀ ಆಕಿಗೆ ಹೇಳ್ತಿದ್ದಿ. ದಿನ್ನಿ ಒಣಗ್ಯಾದ ಅಂತ ಗೊತ್ತಾದರ ಆಕಿ ಮರುದಿನ ಬಸ್ಸಿಗೆ ಕೂಡ್ತಾಳ. ಕೂಸು ಇವತ್ತ ನಾಳೆ ಅನ್ನಾಕತ್ಯಾದ. ಹೋದ ಸಲ ಹುಡುಗಿ ಹೋಗುವಾಗ ಏನಂದಳು, ನೀನೂ ಕೇಳಿದ್ದಿ. ನಾನೂ ಬಾಗಲಾಗ ನಿಂತಿದ್ದೆ." ಕಾಕಾ ಟಾವೆಲಿನಿಂದ ಕತ್ತು ಒರೆಸಿಕೊಂಡರು. "ಬಾಳಿ ಮತ್ತ ಹಚ್ಚಬಹುದು."

ಸಿಟ್ಟಿನ್ನೂ ಪೂರ್ತಿ ಇಳಿದಿರಲಿಲ್ಲ. "ನನ್ನ ಪೆಟ್ಟಿಗಿಗೆ ಸುಳ್ಳು ಹೇಳೂದು ಕಲಿಸೀರಲ್ಲ" ಎಂದೆ.

"ಪೆಟಗಿ ಎಲ್ಲಿ ಸುಳ್ಳು ಹೇಳ್ಯಾದ? ಅದರ ಬುಡಕ್ಕ ಹಸಿ ಅದ. ಹಸಿ ಅದ ಅಂತದ."

ವಿಭೂತಿ ಯಾಕೆ ಎಂದು ಕೇಳಿದೆ. "ದಾರಿಗೆ ಹೋಗೋ ಮಂದಿ, ಮುಂಜಾನೆದ್ದು ಗೂಟಕ್ಕ ಯಾಕ ನೀರು ಹಾಕ್ತಿ ಅಂತ ಕೇಳ್ತಿದ್ದರು. ವಿಭೂತಿ ಹಚ್ಚಿದ ಮ್ಯಾಲ ಯಾರೂ ಕೇಳಿಲ್ಲ" ಎಂದರು. ಹೋದ ತಿಂಗಳಷ್ಟೇ ನಾನು ಹುಗಿದ ಗೂಟಕ್ಕೆ ಈಗ ದಾರಿಹೋಕರು ಕೈ ಮುಗಿಯುತ್ತಿದ್ದರಂತೆ. ನಗು ತಡೆಯಲಾಗಲಿಲ್ಲ. ಕಾಕಾ ಕೂಡ ನಕ್ಕರು. ಆಮೇಲೆ ಅವರ ಜೊತೆ ನಾನೂ ಮಧ್ಯಾಹ್ನದವರೆಗೆ ದಿನ್ನಿಗೆ ಕ್ಯಾನು ಹೊತ್ತೆ. ಸೊಂಟ ಬಿದ್ದುಹೋಯಿತು. ಬಸ್ಸಿಗೆ ಹತ್ತಿಸುವಾಗ ಕಾಕಾ, "ಹೇಳಬ್ಯಾಡವಾ" ಎಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಆ ಸಂಜೆಯೇ ಚಿಗವ್ವನ ಫೋನ್ ಬಂತು. ನಾನು ತೋಟಕ್ಕೆ ಹೋಗಿದ್ದು ಅವಳಿಗೆ ಆಗಲೇ ತಿಳಿದಿತ್ತು. ಕಮಲಾಪುರದ ಹೆಂಗಸರು ಸುದ್ದಿ ಸಾಗಿಸುವ ವೇಗಕ್ಕೆ ಯಾವ ಪೆಟ್ಟಿಗೆಯೂ ಸಾಟಿಯಿಲ್ಲ. "ತೋಟಕ್ಕ ಯಾಕ ಹೋಗಿದ್ದಿ? ಪೆಟಗಿ ಕೆಟ್ಟಾವೇನು?" ಎಂದಳು.

"ಇಲ್ಲ ಚಿಗವ್ವ. ಪೆಟಗಿ ಬರೋಬರ್ ಅದಾವ."

"ಹಂಗಾದರ ದಿನ್ನ್ಯಾಗ ಹಸಿ ಖರೇನ ಅದ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಅವಳು ಎದ್ದು ಬಂದೇಬಿಡುತ್ತಾಳೆ, ತಂಗಿ ಮತ್ತೆ ಒಬ್ಬಳಾಗುತ್ತಾಳೆ, ಕಾಕಾನ ಅಂಗೈಯ ಬೊಬ್ಬೆಗಳೆಲ್ಲ ದಂಡ. ಆದರೆ ಕೇಳಿದವರಿಗೆ ಕೇಳಿದ್ದನ್ನು ಮುಟ್ಟಿಸುವುದನ್ನೇ ಇಷ್ಟು ವರ್ಷ ಓದಿದವಳು ನಾನು. ಅದೂ ಅಲ್ಲದೆ ಚಿಗವ್ವನಿಗೆ ಸುಳ್ಳು ಹೇಳಿ ಎಂದೂ ದಕ್ಕಿಸಿಕೊಂಡವಳಲ್ಲ. ಎಲ್ಲ ಹೇಳಿಬಿಟ್ಟೆ: ಮೋಟರು, ಕ್ಯಾನು, ತಂಬಿಗೆ, ವಿಭೂತಿ.

ಅತ್ತ ಕಡೆ ಕುಕ್ಕರು ಕೂಗಿದ್ದು, ದೊಡ್ಡ ಮೊಮ್ಮಗನ ಟಿವಿ ಕೇಳಿಸಿತು.

"ಎಷ್ಟು ಸಾಲು?" ಎಂದಳು ಕೊನೆಗೆ.

"ಮ್ಯಾಲಿನವು."

"ಗೊನಿ ಹಾಕಿದ್ದವೇನು?"

"ಕೆಲವು."

ನಾಳೆಯ ರೈಲು ಯಾವುದೆಂದು ಕೇಳುತ್ತಾಳೆ ಎಂದುಕೊಂಡೆ. "ಒಣಗಲಿ ಬಿಡು" ಎಂದಳು. ಒಂದು ಎಲೆ ಬಾಡಿದರೂ ಊಟ ಬಿಡುತ್ತಿದ್ದ ಹೆಂಗಸು. "ಇಲ್ಲಿ ಇಕಿ ನನ್ನ ಕೈ ಹಿಡಕೊಂಡೇ ಮಲಗ್ಯಾಳ. ಸಣ್ಣಾಕಿದ್ದಾಗ ಸುದ್ದಾ ನಾ ಇಕಿ ಮಲಗಿದ್ದು ಇಷ್ಟ ಹೊತ್ತು ಕೂತು ನೋಡಿಲ್ಲ. ಆವಾಗೂ ತೋಟ ಇತ್ತಲ್ಲ." ಆಮೇಲೆ, "ನಿಮ್ಮ ಕಾಕಾಗ ನನಗ ಗೊತ್ತಾಗೇದ ಅಂತ ಹೇಳಬ್ಯಾಡ. ಹಾಕಲಿ ನೀರು" ಎಂದಳು.

ನಾನು ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ದುಃಖಕ್ಕಲ್ಲ. ನಮ್ಮ ಅತ್ತೆ ಬಂದು, ಏನಾಯಿತೆಂದು ಕೇಳಿ, ಪೂರ್ತಿ ಕತೆ ಕೇಳಿಸಿಕೊಂಡು, "ನಿಮ್ಮ ಮಂದಿ ಎಲ್ಲಾರೂ ಹಿಂಗೇ ಏನು?" ಎಂದರು. ಹೌದು ಎಂದೆ, ಬಹಳ ಹೆಮ್ಮೆಯಿಂದಲೇ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಸಂತೋಷವಾಗುತ್ತದೆ. ಚಿಗವ್ವ ಗಳಿಗೆಗೊಮ್ಮೆ ಕೇಳುವುದನ್ನು ಬಿಟ್ಟಳು. ದಿನಕ್ಕೆ ಒಂದೇ ಸಲ, ಮುಂಜಾನೆ, ಕಾಕಾ ಸ್ನಾನ ಮುಗಿಸಿ ದಿನ್ನಿಗೆ ಏರುವ ಹೊತ್ತಿಗೆ ಸರಿಯಾಗಿ ಕೇಳುತ್ತಿದ್ದಳು. ದಿನ್ನಿ ಒಂದರದೇ. ಪ್ರಶ್ನೆ ಮಾಳಿಗೆಯಿಂದ ಬಾವಿಗೆ, ಬಾವಿಯಿಂದ ನಡುವಿಗೆ, ನಡುವಿನಿಂದ ದಿನ್ನಿಗೆ ಹೋಗುವುದು, "ಹಸಿ ಇದೆ" ಎಂಬ ಉತ್ತರ ಅದೇ ದಾರಿಯಲ್ಲಿ ತಿರುಗಿ ಬರುವುದು ನನಗೆ ಕಲಬುರಗಿಯಲ್ಲಿ ಕಾಣುತ್ತಿತ್ತು. ಒಂದು ದಿನ ನಡುವಿನ ಪೆಟ್ಟಿಗೆಯ ಬ್ಯಾಟರಿ ಸತ್ತಿತು. ಬಾವಿಯವನು ಸ್ವಲ್ಪ ಕಾದು, ಬೇರೆ ದಾರಿ ಹುಡುಕಿ, ಬದುವಿನ ಮೇಲೆ ನಾನು ಹೆಚ್ಚಿಗೆ ಇಟ್ಟಿದ್ದ ಪೆಟ್ಟಿಗೆಯ ಮೂಲಕ ದಿನ್ನಿಯನ್ನು ಮುಟ್ಟಿದ. ನಾನು ತರಗತಿಯಲ್ಲೇ ಸೀಟಿ ಹೊಡೆಯುವುದೊಂದು ಬಾಕಿ, ಅಷ್ಟು ಖುಷಿಪಟ್ಟೆ. ಆ ದಿನಗಳ ಲೆಕ್ಕ ಮಣ್ಣಿನ ಬಗ್ಗೆ ಏನೂ ಹೇಳುವುದಿಲ್ಲ ನಿಜ. ಆದರೆ ನನ್ನ ವಿಷಯ ಮಣ್ಣಲ್ಲವಲ್ಲ, ಸಾಗಿಸುವುದು. ಅದು ಎಲ್ಲೂ ತಪ್ಪಿರಲಿಲ್ಲ. ತಂಬಿಗೆಯ ಸಂಗತಿಯನ್ನೂ ಮಾರ್ಗದರ್ಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಅದನ್ನು ಅಡಿಟಿಪ್ಪಣಿಯಲ್ಲಿ ಬರೆ ಎಂದರು.

ಕೂಸು ಹುಟ್ಟಿತು, ಹೆಣ್ಣು. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಮೋಟರೂ ಬಂತು, ದಿನ್ನಿಗೆ ನೀರು ಏರಿತು. ಕಾಕಾ ಮಾತ್ರ ತಂಬಿಗೆ ಬಿಡಲಿಲ್ಲ. ಅಭ್ಯಾಸವಾಗಿರಬೇಕು ಎಂದುಕೊಂಡೆ. ಚಿಗವ್ವನೂ ಕೇಳುವುದು ಬಿಡಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಅವಳು ತಿರುಗಿ ಬಂದಳು. ಕಲಬುರಗಿ ಸ್ಟೇಷನ್ನಿನಿಂದ ನಾನೇ ಕರೆದುಕೊಂಡು ಹೋದೆ. ಮನೆಯಲ್ಲಿ ಚೀಲವಿಟ್ಟು, ಕಾಲು ತೊಳೆದು, ನೀರನ್ನೂ ಕುಡಿಯದೆ ತೋಟಕ್ಕೆ ನಡೆದಳು. ಹಿಂದೆ ಕಾಕಾ, ಅವರ ಹಿಂದೆ ನಾನು. ದಿನ್ನಿಯ ಮೇಲಿನ ಸಾಲುಗಳನ್ನು ಕಾಕಾ ಕಡಿದು ತೆಗೆದಿದ್ದರು, ಆ ಜಾಗದಲ್ಲಿ ಹೊಸ ಬಾಳೆ ಕಂದು ನೆಟ್ಟಿದ್ದರು. ನೆಟ್ಟ ಸಾಲು ಸ್ವಲ್ಪ ಡೊಂಕಾಗಿತ್ತು. ಚಿಗವ್ವ ಬಗ್ಗಿ ಮಣ್ಣು ಮುಟ್ಟಿ ನೋಡಿದಳು.

"ಮೋಟರ್ ಸುಟ್ಟಿತ್ತು," ಎಂದರು ಕಾಕಾ. ಇಷ್ಟು ದಿನ ಅದನ್ನೇ ಬಾಯಿಪಾಠ ಮಾಡಿಕೊಂಡವರಂತೆ ಗಡಿಬಿಡಿಯಲ್ಲಿ ಹೇಳಿದರು. "ನಿನಗ ಹೇಳಲಿಲ್ಲ."

"ಗೊತ್ತದ."

"ಯಾವಾಗ ಗೊತ್ತಾತು?"

"ಆವಾಗೇ."

ಕಾಕಾ ನನ್ನ ಕಡೆ ನೋಡಿದರು. ನಾನು ಬಾಳೆ ಎಲೆ ನೋಡಿದೆ. "ಗೊತ್ತಿದ್ದೂ ಬರಲಿಲ್ಲೇನು?" ಎಂದರು ಅವಳಿಗೆ.

ಚಿಗವ್ವ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. "ಹ್ಯಾಂಗ ಬರಲಿ? ನೀವು ದಿನಾ ಮುಂಜಾನಿ ತಂಬಿಗಿ ಹಿಡಿದು, ಬರಬ್ಯಾಡ, ಮಗಳ ಹಂತ್ಯಾಕ ಇರು ಅಂತ ಹೇಳಾಕತ್ತಿದ್ದಿರಲ್ಲ."

ಕಾಕಾಗೆ ಕಣ್ಣು ತುಂಬಿದವು. ಅವರು ಒರೆಸಿಕೊಳ್ಳಲೂ ಇಲ್ಲ. ಹೊಸ ಕಂದುಗಳ ಸಾಲನ್ನು ತೋರಿಸಿ, ಅದು ಡೊಂಕಾದದ್ದು ಯಾಕೆಂದು ಅವಳಿಗೆ ಹೇಳತೊಡಗಿದರು.